ಅವರೆಗೊಂದು ಜೊತೆ

ಏಪ್ರಿಲ್ ಹದಿಮೂರು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಅಜ್ಜಂಪುರದ ಓಂಕಾರೇಶ್ ಅವರ ಮನೆಯ ಹಿತ್ತಿಲಲ್ಲಿ ರಘುನಾಥ್ ಎರಡು ಗಿನಿಪಿಗ್‌ಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಗಂಡು, ಇನ್ನೊಂದು ಹೆಣ್ಣು. ಎರಡರಲ್ಲಿ ಒಂದನ್ನು ಅವನು ಹನ್ನೆರಡು ಗಂಟೆಯೊಳಗೆ ಆರಿಸಬೇಕಿತ್ತು. ಉಳಿದದ್ದನ್ನು ಒಯ್ಯಲು ಶಿವನಿಯಿಂದ ತಿಪ್ಪೇಶ ಎಂಬುವನು ಬರುವವನಿದ್ದ.

ಐದು ನಿಮಿಷದ ಕೆಲಸ ಎಂದುಕೊಂಡೇ ಅವನು ಕಡೂರಿನಲ್ಲಿ ಬಸ್ಸು ಹತ್ತಿದ್ದ. ರಘುನಾಥನಿಗೆ ಮೂವತ್ತೊಂಬತ್ತು ವರ್ಷ. ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ಕಾಯಿಲ್ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದ. ಆ ಕಸುಬಿನಲ್ಲಿ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ತಂತಿ ಮುಟ್ಟಿಸಿದರೆ ಟೆಸ್ಟ್ ಲ್ಯಾಂಪ್ ಉರಿಯುತ್ತದೆ, ಅಥವಾ ಉರಿಯುವುದಿಲ್ಲ. ಎಲ್ಲ ಪ್ರಶ್ನೆಗಳೂ ಸುಮಾರಾಗಿ ಹಾಗೇ ಇರುತ್ತವೆ ಎಂದು ಅವನು ನಂಬಿದ್ದ.

ಪಕ್ಕದಲ್ಲಿ ಮಗಳು ಮಧುಶ್ರೀ ಬಿದಿರಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಐದನೇ ಕ್ಲಾಸಿನ ಪರೀಕ್ಷೆ ಮುಗಿದು ಅವಳಿಗೆ ಬೇಸಿಗೆ ರಜೆ ಬಂದಿತ್ತು. ಬುಟ್ಟಿಯೊಳಗೆ ಅವರೆ ಇತ್ತು. ಬಿಳಿ ಮೈಮೇಲೆ ಅವರೆಕಾಳಿನ ಗಾತ್ರದ ಕಂದು ಚುಕ್ಕೆಗಳಿದ್ದುದರಿಂದ ಅದಕ್ಕೆ ಆ ಹೆಸರು. ಸ್ವಲ್ಪ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ರಘುನಾಥನ ತಾಯಿ ಹುಚ್ಚಮ್ಮ ಎಲೆಅಡಿಕೆ ಚೀಲ ಬಿಚ್ಚುತ್ತಿದ್ದಳು. ಯಗಟಿಯಲ್ಲಿ ಹಿರಿಮಗ ಮುದ್ದಪ್ಪನ ಜೊತೆ ಇರುವ ಆಕೆ ಬೆಳಗಿನ ಮೊದಲ ಬಸ್ಸಿಗೆ ಕಡೂರಿಗೆ ಬಂದಿದ್ದಳು. ಅವಳ ಮನೆಯಲ್ಲಿ ನೂರಿಪ್ಪತ್ತು ಕುರಿಗಳಿದ್ದವು. ಪ್ರಾಣಿ ಕೊಳ್ಳಲು ಹೋಗುವಾಗ ಅವಳನ್ನು ಬಿಟ್ಟು ಹೋಗುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಬುಟ್ಟಿಯಲ್ಲಿದ್ದ ಅವರೆ ಸರಿಯಾಗಿ ತಿನ್ನುವುದನ್ನು ಬಿಟ್ಟು ಇಪ್ಪತ್ತು ದಿನವಾಗಿತ್ತು. ಅದಕ್ಕೆ ಮೊದಲು ಒಂದು ಜೊತೆ ಇತ್ತು, ಬೆಲ್ಲ ಎಂಬ ಹೆಸರಿನದು. ಯುಗಾದಿಗೆ ಆರು ದಿನ ಇರುವಾಗ ಬೆಲ್ಲ ಸತ್ತಿತು. ಅಂದಿನಿಂದ ಅವರೆ ಗೂಡಿನ ಮೂಲೆ ಹಿಡಿದು ಕೂತುಬಿಟ್ಟಿತ್ತು. ಕೊತ್ತಂಬರಿ ಸೊಪ್ಪಿನ ಎರಡು ಎಸಳು ಕಚ್ಚಿ ಮುಖ ತಿರುಗಿಸುತ್ತಿತ್ತು. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು.

ಶನಿವಾರ ರಘುನಾಥ್ ತರೀಕೆರೆಯ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿದ್ದ.

"ಇವು ಗುಂಪಲ್ಲಿ ಬದುಕೋ ಪ್ರಾಣಿ. ಒಂಟಿ ಬಿಟ್ರೆ ಹೀಗೇ ಸೊರಗುತ್ತೆ. ಬೇಗ ಒಂದು ಜೊತೆ ಮಾಡಿ," ಎಂದಿದ್ದರು ಡಾಕ್ಟರು. "ಇರೋದು ಗಂಡಾ, ಹೆಣ್ಣಾ?"

"ಹೆಣ್ಣು ಸಾರ್. ವರ್ಷ ಆಗ್ತಾ ಬಂತು."

"ಮರಿ ಹಾಕಿದೆಯಾ?"

"ಇಲ್ಲ ಸಾರ್."

"ಹಾಗಾದ್ರೆ ಗಂಡು ತರಲೇಬೇಡಿ. ಏಳೆಂಟು ತಿಂಗಳೊಳಗೆ ಒಂದು ಸೂಲು ಆಗದೇ ಇದ್ರೆ ಇವುಗಳ ಸೊಂಟದ ಮೂಳೆ ಕೂಡಿಕೊಂಡುಬಿಡುತ್ತೆ. ಆಮೇಲೆ ಗಬ್ಬ ಆದ್ರೆ ಮರಿ ಹೊರಗೆ ಬರೋಕೆ ದಾರಿ ಇರಲ್ಲ. ತಾಯಿ, ಮರಿ ಎರಡೂ ಹೋಗ್ತವೆ. ಒಂದ್ಸಲ ತಂದು ತೋರಿಸಿ. ಸೋಮವಾರ ಅಂಬೇಡ್ಕರ್ ಜಯಂತಿ ರಜೆ, ಮಂಗಳವಾರ ಬನ್ನಿ."

ಮಂಗಳವಾರದವರೆಗೆ ಓಂಕಾರೇಶ್ ಅವರ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಆದರೆ ಲೆಕ್ಕ ಸರಳವಾಗಿಯೇ ಕಂಡಿತ್ತು: ಅವರೆ ಹೆಣ್ಣು, ಆದ್ದರಿಂದ ಹೆಣ್ಣನ್ನೇ ತರಬೇಕು. ಅವರೆ ಹೆಣ್ಣು ಎಂದು ಹೇಳಿದವಳು ಹುಚ್ಚಮ್ಮ.

ಹುಚ್ಚಮ್ಮನ ಮಾತಿಗೆ ಯಗಟಿಯಲ್ಲಿ ತೂಕವಿತ್ತು. ಕುರಿ ಈಯುವಾಗ ಮರಿ ನೆಲಕ್ಕೆ ಬೀಳುತ್ತಿದ್ದಂತೆ ಆಕೆ ದೀಪವಿಲ್ಲದೆಯೇ ಅದರ ಹೊಟ್ಟೆಯಡಿ ಕೈ ಆಡಿಸಿ 'ಟಗರು' ಅಥವಾ 'ಹೆಣ್ಣು' ಎನ್ನುತ್ತಿದ್ದಳು. ಹೆಣ್ಣುಮರಿ ಹಟ್ಟಿಯಲ್ಲಿ ಉಳಿಯುತ್ತಿತ್ತು, ಟಗರುಮರಿ ಬೆಳೆದ ಮೇಲೆ ಸಂತೆಗೆ ಹೋಗುತ್ತಿತ್ತು. ನಲವತ್ತೈದು ವರ್ಷದಲ್ಲಿ ಒಂದು ಮರಿಯೂ ಆಕೆಯ ಮಾತಿಗೆ ತಪ್ಪಿ ಬೆಳೆದಿರಲಿಲ್ಲ. ಜನವರಿ ಹದಿನಾರರಂದು, ಸಂಕ್ರಾಂತಿ ಕಳೆದು ಎರಡನೇ ದಿನ, ರಘುನಾಥ್ ತರೀಕೆರೆಯ ಅಂಗಡಿಯೊಂದರಿಂದ ಎರಡು ಗಿನಿಪಿಗ್ ತಂದಾಗ ಹಬ್ಬಕ್ಕೆ ಬಂದಿದ್ದ ಹುಚ್ಚಮ್ಮ ಇನ್ನೂ ಕಡೂರಿನಲ್ಲೇ ಇದ್ದಳು. ಅಂಗಡಿಯವನು ಎಂಟು ತಿಂಗಳ ಜೋಡಿ ಎಂದು ಹೇಳಿ ಕೊಟ್ಟಿದ್ದ. ಹುಚ್ಚಮ್ಮ ಎರಡನ್ನೂ ಮಗುಚಿ ನೋಡಿ ನಕ್ಕಿದ್ದಳು.

"ಜೋಡಿಯಂತೆ ಜೋಡಿ! ಎರಡೂ ಹೆಣ್ಣು ಕಣೋ. ಟೋಪಿ ಹಾಕವ್ನೆ ನಿಂಗೆ."

ಅಲ್ಲಿಗೆ ಆ ಮಾತು ಮುಗಿದಿತ್ತು. ಅಂಗಡಿಯವನಿಗೂ ತಾಯಿಗೂ ಮಧ್ಯೆ ಯಾರನ್ನು ನಂಬಬೇಕು ಎಂಬ ಪ್ರಶ್ನೆ ರಘುನಾಥನಿಗೆ ಹೊಳೆದೇ ಇರಲಿಲ್ಲ.

ಈಗ ಓಂಕಾರೇಶ್ ಎರಡು ಗೂಡುಗಳ ಬಾಗಿಲು ತೆರೆದು ಒಂದೊಂದನ್ನೇ ಹೊರಗೆ ಬಿಟ್ಟರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲ್ಲು. ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವರು, ನಿವೃತ್ತಿಯ ಮೇಲೆ ಆರು ವರ್ಷ ಮನೆಯಲ್ಲಿ ಗಿನಿಪಿಗ್ ಸಾಕಿದರು. ಮಂಡಿ ನೋವು ಹೆಚ್ಚಾಗಿ ಒಂದೊಂದನ್ನೇ ಕೊಟ್ಟುಬಿಡುತ್ತಿದ್ದರು.

"ಇವೇ ಕೊನೇವು. ಒಂದೇ ಸೂಲಿನ ಮರಿ, ಮೂರು ತಿಂಗಳು ಆಯ್ತು. ಈ ಕರಿ ಬಿಳೀದು ಹೆಣ್ಣು. ಆ ಚಿನ್ನದ ಬಣ್ಣದ್ದು ಗಂಡು. ಮೂರು ವಾರಕ್ಕೇ ಬೇರೆ ಬೇರೆ ಮಾಡಿದೀನಿ."

"ಅಪ್ಪಾ, ಚಿನ್ನದ್ದು," ಎಂದಳು ಮಧುಶ್ರೀ.

"ಅದು ಗಂಡು ಕಣೇ. ಡಾಕ್ಟ್ರು ಏನಂದ್ರು?"

"ಗೊತ್ತು. ಸುಮ್ನೆ ಅಂದೆ."

"ಹೆಣ್ಣು ಕೊಡಿ ಸಾರ್," ಎಂದು ರಘುನಾಥ್ ಎದ್ದು ನಿಂತ. ಹತ್ತು ಗಂಟೆ ಹದಿನೈದು ನಿಮಿಷವಾಗಿತ್ತು. ಎಂದುಕೊಂಡಂತೆಯೇ ಐದು ನಿಮಿಷ.

"ತಡಿಯೋ," ಎಂದಳು ಹುಚ್ಚಮ್ಮ. ಕಲ್ಲಿನಿಂದ ಇಳಿದು ಬಂದು ಕರಿ ಬಿಳಿಯದನ್ನು ಎತ್ತಿ ಅಂಗೈಯಲ್ಲಿ ಅಂಗಾತ ಮಲಗಿಸಿ ನೋಡಿದಳು. ಕೆಳಗಿಟ್ಟಳು. ಚಿನ್ನದ ಬಣ್ಣದ್ದನ್ನೂ ಹಾಗೇ ಎತ್ತಿ ನೋಡಿದಳು. ಆಮೇಲೆ ಓಂಕಾರೇಶ್ ಕಡೆ ತಿರುಗಿದಳು.

"ಸ್ವಾಮಿ, ತಪ್ಪು ತಿಳ್ಕಾಬೇಡಿ. ಇವೆರಡೂ ಹೆಣ್ಣೇ."

ಓಂಕಾರೇಶ್ ಕನ್ನಡಕ ಸರಿಮಾಡಿಕೊಂಡರು. "ಇಲ್ಲಮ್ಮ. ಇದು ಗಂಡು."

"ಗಂಡು ಅಂದ್ರೆ ಎಲ್ಲಿ ಐತೆ ತೋರ್ಸಿ ಮತ್ತೆ? ಹೊಟ್ಟೆ ನಡುವೆ ನುಣ್ಣಗೈತೆ. ಇರೋದೆಲ್ಲ ಹಿಂದ್ಗಡೆ. ಹಿಂದ್ಗಡೆ ಇದ್ರೆ ಹೆಣ್ಣು. ನಾ ಕುರಿಯೋಳು ಸ್ವಾಮಿ, ಇದ್ರಲ್ಲಿ ನನ್ನ ಮೋಸ ಮಾಡಕ್ಕಾಗಕಿಲ್ಲ."

ಹಿತ್ತಿಲ ಬಾಗಿಲಲ್ಲಿ ಮಜ್ಜಿಗೆ ಲೋಟಗಳನ್ನು ಹಿಡಿದು ನಿಂತಿದ್ದ ಓಂಕಾರೇಶ್ ಅವರ ಹೆಂಡತಿ ಮಲ್ಲಿಕಾಂಬ ನಗು ತಡೆಯಲಾರದೆ, "ಆಯ್ತು ಬಿಡಿ. ಆರು ವರ್ಷದಿಂದ ಈ ಮನೇಲಿ ಗಂಡು ಅನ್ನೋದೇ ಇರಲಿಲ್ಲ ಅನ್ನಿ!" ಎಂದರು.

"ನೀನು ಸುಮ್ನಿರೇ," ಎಂದರು ಓಂಕಾರೇಶ್.

ರಘುನಾಥ್ ನಿಂತಲ್ಲೇ ನಿಂತ. ತಾಯಿ ಹೇಳುವುದು ಸರಿಯಾದರೆ ಎರಡೂ ಹೆಣ್ಣು. ಚಿನ್ನದ ಬಣ್ಣದ್ದನ್ನೂ ಒಯ್ಯಬಹುದು, ಮಗಳಿಗೂ ಸಂತೋಷ. ಆದರೆ ಈ ಮನುಷ್ಯ ಆರು ವರ್ಷ ಗಂಡು ಹೆಣ್ಣು ಬೇರ್ಪಡಿಸಿ ಸಾಕಿದವರು.

"ಸಾರ್, ನೀವು ಗಂಡು ಅಂತ ಬೇರೆ ಇಟ್ಟಿದ್ದ ಗೂಡಲ್ಲಿ ಯಾವತ್ತಾದ್ರೂ ಮರಿ ಆಗಿದ್ವಾ?"

"ಒಂದ್ಸಲಾನೂ ಇಲ್ಲ. ಹೆಣ್ಣಿನ ಗೂಡಲ್ಲೂ ಇಲ್ಲ. ನಾನು ಸೇರಿಸಿದಾಗ ಮಾತ್ರ ಆಗಿದ್ದು."

ಹಾಗಾದರೆ ಇವರು ತಪ್ಪಿರಲಾರರು. ಇವರು ತಪ್ಪಿಲ್ಲದಿದ್ದರೆ ತಾಯಿ ತಪ್ಪು. ಇಲ್ಲಿ ತಾಯಿ ತಪ್ಪಾದರೆ ಜನವರಿ ಹದಿನಾರರಂದು? ರಘುನಾಥ್ ಬುಟ್ಟಿಯ ಕಡೆ ನೋಡಿದ. ಅವರೆ ಮೂತಿಯನ್ನು ಬಿದಿರಿನ ಸಂದಿಗೆ ಒತ್ತಿಕೊಂಡಿತ್ತು. ಈಗ ಅವನಿಗೆ ಅದು ಹೆಣ್ಣೂ ಆಗಿರಲಿಲ್ಲ, ಗಂಡೂ ಆಗಿರಲಿಲ್ಲ.

"ಇದನ್ನೊಂದು ನೋಡ್ತೀರಾ ಸಾರ್?"

ಓಂಕಾರೇಶ್ ಟವೆಲ್ಲನ್ನು ತೊಡೆಯ ಮೇಲೆ ಹಾಸಿಕೊಂಡು ಅವರೆಯನ್ನು ಮಲಗಿಸಿಕೊಂಡರು. ಎರಡು ಬೆರಳಿನಿಂದ ಹಿಂಗಾಲುಗಳ ನಡುವಿನ ಕೂದಲು ಬಿಡಿಸಿದರು. "ಅಮ್ಮ, ಹತ್ತಿರ ಬನ್ನಿ. ಕುರಿ, ಮೇಕೆಯಲ್ಲಿ ಗಂಡಿನದು ಹೊಟ್ಟೆ ನಡುವೆ ಇರುತ್ತೆ. ನೀವು ಹೇಳೋದು ನಿಜ. ಇವಕ್ಕೆ ಹಾಗಲ್ಲ. ಗಂಡಿಗೂ ಹೆಣ್ಣಿಗೂ ಎರಡಕ್ಕೂ ಹಿಂದೇನೇ. ಮೇಲ್ನೋಟಕ್ಕೆ ಎಲ್ಲವೂ ಹೆಣ್ಣಿನ ಥರಾನೇ ಕಾಣ್ತವೆ."

"ಬೀಜ ಎಲ್ಲಿ ಮತ್ತೆ?"

"ಒಳಕ್ಕೆ ಎಳ್ಕೊಂಡುಬಿಡ್ತವೆ. ಟಗರಿನ ಹಾಗೆ ತೂಗಾಡಲ್ಲ. ಇಲ್ಲಿ, ಸ್ವಲ್ಪ ಮೇಲೆ, ಮೆಲ್ಲಗೆ ಒತ್ತಬೇಕು. ಗಂಡಾದ್ರೆ ಈಚೆ ಬರುತ್ತೆ."

ಅವರು ಒತ್ತಿದರು. ಬೆಂಕಿಕಡ್ಡಿಯ ತುದಿಯಂಥದ್ದು ಹೊರಗೆ ಬಂತು.

"ಅಪ್ಪಾ!" ಎಂದಳು ಮಧುಶ್ರೀ.

ಹುಚ್ಚಮ್ಮ ವಾದ ಮಾಡಲಿಲ್ಲ. ಕೈ ತೊಳೆದು ಬಂದು ಅವರೆಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ತಾನೇ ಒತ್ತಿ ನೋಡಿದಳು. ಆಮೇಲೆ ಚಿನ್ನದ ಬಣ್ಣದ್ದು, ಆಮೇಲೆ ಕರಿ ಬಿಳಿಯದು. ಮೂರನೆಯದರಲ್ಲಿ ಏನೂ ಬರಲಿಲ್ಲ. ಎರಡೆರಡು ಸಲ ಒತ್ತಿ ಖಚಿತ ಮಾಡಿಕೊಂಡಳು.

"ಹೌದಪ್ಪ. ನಮ್ಮ ಅವರೆ ಗಂಡೇ," ಎಂದಳು. "ಹಂದಿ ಅಂತೀರಿ, ನೋಡಿದ್ರೆ ಇಲಿ, ಮೇಯೋದು ಕುರಿ ಥರ. ಯಾವ ಜಾತಿಗೆ ಸೇರ್ಸೋದು ಇದ್ನ?"

ಮಲ್ಲಿಕಾಂಬ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ರಘುನಾಥ್ ಲೋಟ ಹಿಡಿದುಕೊಂಡೇ ನಿಂತ. ಅವರೆ ಗಂಡು ಎಂದಾದರೆ ಡಾಕ್ಟರು ಹೇಳಿದ್ದೆಲ್ಲ ತಿರುವುಮುರುವು. ಈಗ ಹೆಣ್ಣು ತರಬೇಕೋ, ಗಂಡೋ?

ಓಂಕಾರೇಶ್ ಕೇಳಿದ ಪ್ರಶ್ನೆಯಲ್ಲಿ ಬೇರೆ ಉದ್ದೇಶವೇನೂ ಇರಲಿಲ್ಲ. "ಅಂಗಡಿಯವನು ಜೋಡಿ ಅಂತ ತಾನೇ ಕೊಟ್ಟಿದ್ದು? ಹಾಗಾದ್ರೆ ಸತ್ತಿದ್ದು ಹೆಣ್ಣಿರಬೇಕು. ಮರಿ ಹಾಕಿರಲಿಲ್ವಾ?"

"ಇಲ್ಲ ಸಾರ್."

"ಹೇಗೆ ಸತ್ತಿತು?"

"ಹೊಟ್ಟೆ ಉಬ್ಬರಿಸಿ."

"ಒಂದೇ ದಿನಕ್ಕೆ ಉಬ್ಬರಿಸಿತಾ?"

ರಘುನಾಥ್ ಮಜ್ಜಿಗೆ ಲೋಟವನ್ನು ಕೆಳಗಿಟ್ಟ. ಒಂದೇ ದಿನಕ್ಕಲ್ಲ. ಫೆಬ್ರವರಿ ಕೊನೆಯಿಂದಲೇ ಬೆಲ್ಲದ ಹೊಟ್ಟೆ ದಪ್ಪವಾಗುತ್ತ ಬಂದಿತ್ತು. ಚೆನ್ನಾಗಿ ತಿನ್ನುತ್ತಿದೆ ಎಂದು ಮನೆಯವರೆಲ್ಲ ಖುಷಿಪಟ್ಟಿದ್ದರು. ಮಾರ್ಚ್ ಇಪ್ಪತ್ತನಾಲ್ಕರಂದು ಬೆಳಿಗ್ಗೆಯಿಂದ ಅದು ನರಳಿತು. ಅವನು ಯಗಟಿಗೆ ಫೋನ್ ಮಾಡಿದ. ಹಸಿಮೇವು ಹೆಚ್ಚಾಗಿ ಹೊಟ್ಟೆ ಉಬ್ಬರಿಸಿದೆ, ಎಣ್ಣೆ ಕುಡಿಸು ಎಂದಳು ತಾಯಿ. ಕುರಿಗೆ ಹಾಗೇ ಮಾಡುವುದು. ಅವನು ಔಷಧಿಯ ಫಿಲ್ಲರಿನಲ್ಲಿ ಎಣ್ಣೆ ಕುಡಿಸಿದ. ಸಂಜೆ ಐದಕ್ಕೆ ಬೆಲ್ಲ ಸತ್ತಿತು. ಮನೆ ಹಿಂದಿನ ನುಗ್ಗೆಮರದ ಬುಡದಲ್ಲಿ ಹೂತರು.

"ತಂದಿದ್ದು ಯಾವತ್ತು?" ಎಂದರು ಓಂಕಾರೇಶ್, ಸ್ವಲ್ಪ ಮೆಲ್ಲಗೆ.

"ಜನವರಿ ಹದಿನಾರು. ಸತ್ತಿದ್ದು ಮಾರ್ಚ್ ಇಪ್ಪತ್ನಾಲ್ಕು."

ಓಂಕಾರೇಶ್ ಬೆರಳು ಮಡಿಸಿ ಎಣಿಸಿದರು. ಅರವತ್ತೇಳು ದಿನ. ಗಿನಿಪಿಗ್‌ನ ಗಬ್ಬದ ಅವಧಿ ಸುಮಾರು ಅರವತ್ತರಿಂದ ಎಪ್ಪತ್ತು ದಿನ. ಅವರು ಅಷ್ಟನ್ನೇ ಹೇಳಿದರು.

ತಂದಾಗಲೇ ಅದಕ್ಕೆ ಎಂಟು ತಿಂಗಳು. ಡಾಕ್ಟರು ಶನಿವಾರ ಹೇಳಿದ ಸಾವು ಮೂರು ವಾರದ ಹಿಂದೆಯೇ ತನ್ನ ಮನೆಯಲ್ಲಿ ಆಗಿಹೋಗಿತ್ತೇ? ಹಾಗೇ ಎಂದು ಖಚಿತವಾಗಿ ಹೇಳಲು ರಘುನಾಥನಿಗೆ ಆಗಲಿಲ್ಲ. ಯಾರೂ ಬೆಲ್ಲದ ಹೊಟ್ಟೆಯನ್ನು ಸೀಳಿ ನೋಡಿರಲಿಲ್ಲ. ಉಬ್ಬರವೇ ಇದ್ದರೂ ಇರಬಹುದು. ಆದರೆ ಉಬ್ಬರವಲ್ಲ ಎನ್ನುವುದಕ್ಕೆ ಈಗ ಮೂರು ಸಂಗತಿಗಳಿದ್ದವು, ಉಬ್ಬರ ಎನ್ನುವುದಕ್ಕೆ ಒಂದೂ ಇರಲಿಲ್ಲ.

ಮಧುಶ್ರೀ ಇದನ್ನೆಲ್ಲ ಕೇಳಿಸಿಕೊಂಡಳು. "ಬೆಲ್ಲದ ಹೊಟ್ಟೇಲಿ ಮರಿ ಇದ್ವಾ ಅಪ್ಪಾ?"

"ಗೊತ್ತಿಲ್ಲ ಮಗ."

"ಅಜ್ಜಿ ಎರಡೂ ಹೆಣ್ಣು ಅಂದಿದ್ರು. ಒಂದಂತೂ ಹೆಣ್ಣೇ ಆಗಿತ್ತಲ್ಲ. ಅರ್ಧ ಸರಿ."

ಯಾರೂ ನಗಲಿಲ್ಲ. ಅವಳು ತಮಾಷೆಗೆ ಹೇಳಿರಲೂ ಇಲ್ಲ. ಹುಚ್ಚಮ್ಮ ಎಲೆಅಡಿಕೆ ಚೀಲದ ದಾರ ಎಳೆದು ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹತ್ತೂಮುಕ್ಕಾಲಾಗಿತ್ತು. ರಘುನಾಥ್ ಅಭ್ಯಾಸಬಲದಿಂದ ತಾಯಿಯ ಕಡೆ ತಿರುಗಿದ. "ಯಾವುದು ತಗಳಾಣ ಅವ್ವ?"

"ನನ್ನ ಕೇಳ್ಬೇಡ ಕಣಪ್ಪ."

"ಹಂಗಂದ್ರೆ?"

"ನಂಗೆ ಗೊತ್ತಿರೋದು ಕುರಿ. ಇದು ಕುರಿ ಅಲ್ಲ. ನೀನೇ ನೋಡ್ಕ."

ತಾಯಿಯ ಬಾಯಲ್ಲಿ ಆ ಮಾತನ್ನು ಅವನು ಹಿಂದೆ ಎಂದೂ ಕೇಳಿರಲಿಲ್ಲ. ಅವನ ಮದುವೆಗೆ ಹೆಣ್ಣು ನೋಡಿದ್ದು, ಸೈಟು ನೋಡಿದ್ದು, ಎತ್ತು ನೋಡಿದ್ದು ಎಲ್ಲ ಅವಳೇ. ಈಗ ಅವನು ಓಂಕಾರೇಶ್ ಕಡೆ ತಿರುಗಬೇಕಾಯಿತು.

"ಹೆಣ್ಣು ಒಯ್ದರೆ ಏನಾಗುತ್ತೆ ಸಾರ್?"

"ಹೊಂದ್ಕೊಳ್ತವೆ. ಜಗಳ ಕಡಿಮೆ. ಈ ಮರಿಗೆ ಇನ್ನೂ ಮೂರೇ ತಿಂಗಳು, ಮೊದಲ ಸೂಲು ಈಗ ಆದ್ರೆ ಸಾಮಾನ್ಯವಾಗಿ ತೊಂದರೆ ಇರಲ್ಲ. ಆದರೆ ಸಾಮಾನ್ಯವಾಗಿ ಅಂದೆ, ನೆನಪಿಡಿ. ಹೆತ್ತ ದಿನವೇ ಮತ್ತೆ ಗಬ್ಬ ಆಗುತ್ತೆ. ಎರಡು ತಿಂಗಳಿಗೊಂದು ಸೂಲು. ಒಂದು ಸೂಲಿಗೆ ಮೂರು ನಾಲ್ಕು ಮರಿ. ಆ ಮರಿಗಳಲ್ಲೂ ಗಂಡು ಹೆಣ್ಣು ಆರಿಸಿ ಮೂರು ವಾರಕ್ಕೆ ಬೇರೆ ಮಾಡ್ತಾ ಇರಬೇಕು."

"ಬೀಜ ಒಡೆಸಿದ್ರೆ?" ಎಂದಳು ಹುಚ್ಚಮ್ಮ. ಕೇಳಬಾರದು ಎಂದುಕೊಂಡಿದ್ದರೂ ತಡೆಯಲಾಗಿರಲಿಲ್ಲ.

"ಇಷ್ಟು ಸಣ್ಣದಕ್ಕೆ ಆಪರೇಷನ್ನೇ ಆಗಬೇಕಮ್ಮ. ದೊಡ್ಡ ಊರಲ್ಲಿ ಮಾಡ್ತಾರಂತೆ. ನಮ್ಮ ಕಡೆ ಮಾಡಿದ್ದು ನಾನು ಕಂಡಿಲ್ಲ."

"ಗಂಡು ಒಯ್ದರೆ?"

"ಮರಿ ಚಿಂತೆ ಇಲ್ಲ. ಹೆಣ್ಣಿನ ವಾಸನೆ ಹತ್ತಿರ ಇಲ್ದಿದ್ರೆ ದೊಡ್ಡ ಗಂಡೂ ಚಿಕ್ಕ ಗಂಡೂ ಸಾಮಾನ್ಯವಾಗಿ ಹೊಂದ್ಕೊಳ್ತವೆ. ಜಾಗ ದೊಡ್ಡದಿರಬೇಕು, ತಿನ್ನೋ ಬಟ್ಟಲು ಎರಡಿರಬೇಕು. ಆದರೂ ಕಚ್ಚಾಡಿದ್ರೆ ರಕ್ತ ಬರೋ ಹಾಗೆ ಕಚ್ಚಾಡಬಹುದು."

"ಒಂದು ಹಟ್ಟೀಲಿ ಎರಡು ಟಗರು..." ಎಂದು ಶುರುಮಾಡಿ ಹುಚ್ಚಮ್ಮ ತಾನೇ ನಿಲ್ಲಿಸಿದಳು.

ಎರಡೂ ಕಡೆ 'ಸಾಮಾನ್ಯವಾಗಿ'. ರಘುನಾಥನಿಗೆ ಆ ಪದವೇ ಸಿಟ್ಟು ತರಿಸಿತು. ಹೆಣ್ಣಾದರೆ ಹೆರಿಗೆಯ ಭಯ, ಗಂಡಾದರೆ ಜಗಳದ ಭಯ. ಯಾವುದನ್ನೂ ಒಯ್ಯದಿದ್ದರೆ ಬುಟ್ಟಿಯಲ್ಲಿರುವುದು ಉಳಿಯುವುದಿಲ್ಲ.

"ಹೆಣ್ಣು ಬೇಡ," ಎಂದಳು ಮಧುಶ್ರೀ.

"ಚಿನ್ನದ ಬಣ್ಣ ಅಂತ ಹೇಳ್ತಿದೀಯಾ?"

"ಅಲ್ಲ. ಹೆಣ್ಣು ತಂದ್ರೆ ಹೊಟ್ಟೆ ದಪ್ಪ ಆದಾಗೆಲ್ಲ ನಂಗೆ ಭಯ ಆಗುತ್ತೆ. ಜಗಳ ಆಡಿದ್ರೆ ನಮಗೆ ಕಾಣ್ಸುತ್ತೆ. ಆಗ ಬಿಡಿಸಬಹುದು."

ಆ ಬೆಳಿಗ್ಗೆ ರಘುನಾಥ್ ಕೇಳಿದ ಮಾತುಗಳಲ್ಲಿ ಅವನಿಗೆ ಪೂರ್ತಿ ಅರ್ಥವಾದದ್ದು ಇದೊಂದೇ. ಆದರೂ ಅವನು ಒಪ್ಪಲಿಲ್ಲ. "ಮೊದ್ಲು ಬಿಟ್ಟು ನೋಡಾಣ," ಎಂದ.

ಎರಡಕ್ಕೂ ಹೊಸದಾದ ಜಾಗವಾಗಬೇಕು ಎಂದರು ಓಂಕಾರೇಶ್. ಮಲ್ಲಿಕಾಂಬ ಬಾವಿಕಟ್ಟೆಯ ಪಕ್ಕದ ಒಣಗಿದ ಸಿಮೆಂಟ್ ತೊಟ್ಟಿಯನ್ನು ಗುಡಿಸಿ, ಎರಡು ಮೂಲೆಯಲ್ಲಿ ಎರಡು ಹಿಡಿ ಗರಿಕೆ ಹಾಕಿದರು. "ಮದುವೆಗೂ ಇಷ್ಟು ತಯಾರಿ ಮಾಡಿರಲಿಲ್ಲ ಕಣ್ರೀ," ಎಂದರು ಗಂಡನಿಗೆ.

ಹನ್ನೊಂದು ಗಂಟೆಗೆ ಅವರೆಯನ್ನೂ ಚಿನ್ನದ ಬಣ್ಣದ ಮರಿಯನ್ನೂ ತೊಟ್ಟಿಗೆ ಬಿಟ್ಟರು. ಮೊದಲ ಐದು ನಿಮಿಷ ಎರಡೂ ಅಲುಗಲಿಲ್ಲ. ಆಮೇಲೆ ಅವರೆ ಎದ್ದು, ಹೊಟ್ಟೆಯೊಳಗಿಂದ ಗುರುಗುಟ್ಟುತ್ತ, ಹಿಂಭಾಗ ಅಲ್ಲಾಡಿಸುತ್ತ ಮರಿಯನ್ನು ಸುತ್ತಿತು. ಮರಿ ಕೀಚುಗುಟ್ಟಿತು. ಅವರೆ ಅದರ ಬೆನ್ನು ಹತ್ತಿತು.

"ಅಯ್ಯೋ, ತೆಗೀರಪ್ಪ! ಮರಿ ಹೆಣ್ಣಾದ್ರೆ ಸರಿ, ಗಂಡಿನ ಮೇಲೆ ಯಾಕೆ ಹತ್ತುತ್ತೆ?" ಎಂದಳು ಹುಚ್ಚಮ್ಮ. ರಘುನಾಥನ ಕೈ ತೊಟ್ಟಿಗೆ ಇಳಿದಿತ್ತು. ಮರಿ ನಿಜವಾಗಿ ಗಂಡು ಹೌದೋ ಅಲ್ಲವೋ ಎಂಬ ಅನುಮಾನ ಅವನಿಗೆ ಮತ್ತೆ ಹುಟ್ಟಿತ್ತು.

"ಬಿಡಿ. ನಾನು ದೊಡ್ಡೋನು ಅಂತ ಹೇಳ್ತಿದೆ, ಅಷ್ಟೇ. ಹಲ್ಲು ಕಟಕಟ ಅಂದ್ರೆ ಮಾತ್ರ ಬಿಡಿಸಿ," ಎಂದರು ಓಂಕಾರೇಶ್.

ಐವರೂ ತೊಟ್ಟಿಯ ಸುತ್ತ ನಿಂತು ಹಲ್ಲಿನ ಸದ್ದಿಗೆ ಕಿವಿಗೊಟ್ಟರು. ಅದು ಬರಲಿಲ್ಲ. ಮರಿ ತಲೆ ತಗ್ಗಿಸಿತು. ಗುರುಗುಟ್ಟುವುದು ಬಿಟ್ಟು ಬಿಟ್ಟು ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು. ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಮರಿ ಗರಿಕೆಗೆ ಬಾಯಿ ಹಾಕಿತು. ಇನ್ನೊಂದು ಮೂಲೆಯ ಹಿಡಿಯನ್ನು ಬಿಟ್ಟು ಅವರೆ ಅದರ ಪಕ್ಕಕ್ಕೇ ಬಂದು, ಅದೇ ಎಸಳಿನ ಇನ್ನೊಂದು ತುದಿಯನ್ನು ಕಚ್ಚಿ ಎಳೆದುಕೊಂಡಿತು. ಅದನ್ನು ಮುಗಿಸಿ ಇನ್ನೊಂದು, ಆಮೇಲೆ ಮತ್ತೊಂದು. ಮಧುಶ್ರೀ ಎಣಿಸುತ್ತಿದ್ದಳು. ಹನ್ನೊಂದು ಎಸಳಾದ ಮೇಲೆ ಅವಳಿಗೆ ಲೆಕ್ಕ ತಪ್ಪಿತು.

"ಗಂಡೇ ಕೊಡಿ ಸಾರ್," ಎಂದ ರಘುನಾಥ್. ಹೇಳಿದ ಮೇಲೂ ಅದು ಸರಿಯೋ ತಪ್ಪೋ ಅವನಿಗೆ ಗೊತ್ತಾಗಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬೈಕಿನಲ್ಲಿ ಬಂದ ತಿಪ್ಪೇಶ, ಉಳಿದದ್ದು ಗಂಡೋ ಹೆಣ್ಣೋ ಎಂದು ಕೇಳದೆಯೇ ಕರಿ ಬಿಳಿಯ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡ. ಹುಚ್ಚಮ್ಮ ಅವನನ್ನು ತಡೆದು ನಿಲ್ಲಿಸಿದಳು.

"ಏನಪ್ಪಾ, ಮನೇಲಿ ಇನ್ನೊಂದು ಐತಾ?"

"ಐತೆ ಕಣಮ್ಮ."

"ಹೊಟ್ಟೆ ನೋಡಿ ಹೇಳ್ಬೇಡ, ಕಾಲ ಸಂದೀಲಿ ಒತ್ತಿ ನೋಡು. ಎಲ್ಲಿ ಒತ್ತಬೇಕು ಅಂತ ಇವ್ರು ತೋರಿಸ್ಕೊಡ್ತಾರೆ. ನೋಡ್ಕಂಡು ಹೋಗು."

ತಿಪ್ಪೇಶ ನೋಡಿಕೊಂಡೇ ಹೋದ. ಒಂದು ಗಂಟೆ ಐದು ನಿಮಿಷಕ್ಕೆ ಮೂವರೂ ಬೀರೂರಿನ ಮೇಲೆ ಹೋಗುವ ಕಡೂರಿನ ಬಸ್ಸು ಹತ್ತಿದರು. ಎರಡು ಸೀಟಿನಲ್ಲಿ ಮೂವರು, ನಡುವೆ ಬುಟ್ಟಿ. ಬೀರೂರು ದಾಟಿದ ಮೇಲೆ ಹುಚ್ಚಮ್ಮ, "ಎಣ್ಣೆ ಎಷ್ಟು ಕುಡಿಸ್ದೆ ಅವತ್ತು?" ಎಂದು ಕೇಳಿದಳು. "ಅರ್ಧ ಫಿಲ್ಲರ್," ಎಂದ ರಘುನಾಥ್.

ಮಂಗಳವಾರ ಅವರು ತರೀಕೆರೆಗೆ ಹೋದರು. ಎರಡೂ ಗಂಡು ಎಂದು ಡಾಕ್ಟರೂ ಹೇಳಿದರು. ಬೆಲ್ಲದ ವಿಷಯ ಪೂರ್ತಿ ಕೇಳಿ, ಹಾಗಿರಬಹುದು, ಈಗ ಹೇಳಲಾಗದು ಎಂದರು. ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಅವರೆ ಹಲ್ಲು ಕಟಕಟಿಸಿ ಮರಿಯ ಕಿವಿ ಕಚ್ಚಿತು. ಎರಡು ಹನಿ ರಕ್ತ ಬಂತು. ರಘುನಾಥ್ ಅಂಗಡಿ ತೆರೆಯುವ ಮೊದಲು ಗೂಡಿನ ನಡುವೆ, ಒಂದಕ್ಕೊಂದು ಕಾಣುವಂತೆ ಆದರೆ ಕಚ್ಚಲಾಗದಂತೆ, ತಂತಿಯ ಜಾಲರಿ ಕಟ್ಟಿ ಎರಡು ಭಾಗ ಮಾಡಿದ.